ಮಿಲ್ಲಿನ ಬಾಯಿ ಮುಚ್ಚೈತಿ ಖರೆ, ಅಂಗಳದ ಬಾಯಿ ಯಾರು ಮುಚ್ಚೋರು?

ಈ ಸಲ ಉಳ್ಳಾಗಡ್ಡಿ ರೇಟು, ಗೊಬ್ಬರ, ಔಷಧಿ ಯಾವುದೂ ಬರೆಯೋದಿಲ್ಲ. ಕಲ್ಲಿನ ಹಿಟ್ಟಿನ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗ್ತೈತಿ, ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ.

ಹೋದ ಸೋಮವಾರ ಸಂಜಿಮುಂದ ಹಣಮಪ್ಪನ ಗುಡಿ ಕಟ್ಟಿಗೆ ಒಬ್ಬ ಏಜೆಂಟ ಬಂದಿದ್ದ. ಇಸ್ತ್ರಿ ಅಂಗಿ, ಕೈಯಾಗ ಬಣ್ಣದ ಪುಸ್ತಕ. ನಮ್ಮೂರ ಮೂಡಲಕ್ಕ ಹಳ್ಳದ ದಂಡಿಗೆ ಆರು ಎಕರೆ ಭೂಮಿ ತಗೊಂಡು ಡೋಲೊಮೈಟ್ ಕಲ್ಲು ಪುಡಿ ಮಾಡುವ ಫ್ಯಾಕ್ಟರಿ ಹಾಕ್ತಾರಂತ. ನಮ್ಮ ಲೋಕಾಪುರ ಸೀಮೆಯಲ್ಲಿ ಸುಣ್ಣದಕಲ್ಲು, ಡೋಲೊಮೈಟ್ ಹೊಸಾದಲ್ಲ. ಭೂಮಿ ಕೆಳಗೇ ಅದು ಇರೋದರಿಂದ ಕ್ವಾರಿ, ಪುಡಿ ಫ್ಯಾಕ್ಟರಿ ಎಲ್ಲಾ ನೋಡಿದ ಮಂದಿ ನಾವು. ಅದಕ್ಕೇ ಕಟ್ಟಿ ಮ್ಯಾಲ ಕುಂತವರು ಮೊದಲು ಕೇಳಿದ್ದೇ ಧೂಳಿನ ಮಾತು.

ಏಜೆಂಟ ನಕ್ಕ. "ಕಾಕಾ, ಇದು ಹಳೇ ಮಿಲ್ ಅಲ್ಲ, ವರ್ಟಿಕಲ್ ಮಿಲ್. ಝೀರೋ ಡಸ್ಟ್. ಬಿಳಿ ಧೋತರ ಉಟ್ಟು ಒಳಗ ಹೋಗಿ ಹಂಗೇ ಬಿಳಿ ಧೋತರದಾಗ ಹೊರಗ ಬರಬಹುದು" ಅಂದ.

ನಮ್ಮ ಕಾಕಾ ಒಬ್ಬರು ಬಿಡಲಿಲ್ಲ. "ಬಿಳಿ ಪುಡಿ ಬಿಳಿ ಧೋತರದ ಮ್ಯಾಲ ಹೆಂಗ ಕಾಣತೈತಿ ತಮ್ಮಾ? ನಾ ಕರೇ ಕಂಬಳಿ ಹೊತ್ಕೊಂಡು ಬರ್ತೀನಿ ನಡಿ" ಅಂದರು. ಎಲ್ಲಾರೂ ನಕ್ಕರು. ನಗುವುದು ಮುಗಿಯೋದರೊಳಗ ಏಜೆಂಟ ಒಂದು ಹಾಳೆ ತೆಗೆದ. "ನಮ್ಮದೇನೂ ತಕರಾರು ಇಲ್ಲ" ಅಂತ ಟೈಪ್ ಮಾಡಿದ ಹಾಳೆ. ಕೆಳಗ ಸಹಿ ಮಾಡಲು ಗೆರೆ. ಯಾವ ಕಲ್ಲು, ಎಷ್ಟು ಟನ್ನು, ಯಾವ ದಾರಿ, ಯಾವ ಹೊತ್ತು, ಏನೂ ಬರೆದಿಲ್ಲ. ಅವತ್ತೇ ಏಳೆಂಟು ಮಂದಿ ಸಹಿ ಮಾಡಿದರು. ಕೆಲವರು ಓದದೇ ಮಾಡಿದರು.

ನಾನು ಮಾಡಲಿಲ್ಲ. ಯಾಕ ಮಾಡಲಿಲ್ಲ ಅನ್ನೋದೇ ಈ ಬರಹ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಇಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಪಾಸು, ಮೂರೂವರೆ ಎಕರೆ ರೈತ. ಆದರೆ ಶಾಲೆ ಬಿಟ್ಟ ಮೇಲೆ ನಾಲ್ಕು ವರ್ಷ ಒಂದು ಪುಡಿ ಫ್ಯಾಕ್ಟರಿಯಲ್ಲಿ ದುಡಿದಿದ್ದೇನೆ. ಎರಡು ವರ್ಷ ಚೀಲ ತುಂಬುವ ಕಡೆ, ಎರಡು ವರ್ಷ ಮಿಲ್ಲಿನ ಹತ್ತಿರ ಹೆಲ್ಪರ್. ಆವಾಗ ಇದ್ದದ್ದು ಬಾಲ್ ಮಿಲ್. ದೊಡ್ಡ ಡ್ರಮ್ಮಿನೊಳಗ ಕಬ್ಬಿಣದ ಗುಂಡು, ಡ್ರಮ್ ತಿರುಗಿದಂಗ ಗುಂಡು ಬಿದ್ದು ಕಲ್ಲು ಪುಡಿ. ಆ ಸದ್ದು ಈಗಲೂ ಕಿವಿಯೊಳಗೈತಿ. ಈಚೆಗೆ ಪರಿಚಯದ ಫಿಟ್ಟರ್ ಒಬ್ಬನ ಜೊತೆ ಹೋಗಿ ವರ್ಟಿಕಲ್ ಮಿಲ್ಲನ್ನೂ ಹತ್ತಿರದಿಂದ ನೋಡಿ ಬಂದೆ. ಅದಕ್ಕೇ ಏಜೆಂಟ ಹೇಳಿದ್ದರಲ್ಲಿ ಖರೆ ಎಷ್ಟು, ಖೊಟ್ಟಿ ಎಷ್ಟು ಅಂತ ಬೇರೆ ಮಾಡಿ ಹೇಳಬಲ್ಲೆ.

ಖರೆ ಇರೋದನ್ನ ಮೊದಲು ಹೇಳ್ತೀನಿ.

ವರ್ಟಿಕಲ್ ಮಿಲ್ ಅಂದರೆ ಏನು? ನಮ್ಮ ಹಿರಿಯರು ಕಣದಾಗ ಹಂತಿ ಹೊಡೀತಿದ್ದರಲ್ಲ, ಅದನ್ನ ಕಣ್ಣ ಮುಂದ ತಂದುಕೊಳ್ಳಿರಿ. ಕಣದ ಮೇಲೆ ತೆನಿ ಹಾಸಿ, ಮೇಲೆ ರೋಣಗಲ್ಲು ಸುತ್ತಿಸುತ್ತಿದ್ದರು. ಇಲ್ಲಿ ಉಲ್ಟಾ. ಕಣ ತಿರುಗುತ್ತದೆ, ರೋಣಗಲ್ಲು ತನ್ನ ಜಾಗದಲ್ಲೇ ಇದ್ದು ಉರುಳುತ್ತದೆ. ಕಣ ಅಂದರೆ ಉಕ್ಕಿನ ದುಂಡು ಟೇಬಲ್. ರೋಣಗಲ್ಲು ಅಂದರೆ ಎರಡು, ಮೂರು ಅಥವಾ ನಾಲ್ಕು ದೊಡ್ಡ ರೋಲರು. ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್‌ನಿಂದ, ಆ ರೋಲರುಗಳನ್ನು ಟೇಬಲ್ ಮೇಲಿನ ಕಲ್ಲಿನ ಹಾಸಿಗೆಗೆ ಅದುಮಿ ಹಿಡಿದಿರುತ್ತಾರೆ. ನಡುವೆ ಬಿದ್ದ ಕಲ್ಲಿನ ಚೂರು ಅರೆದುಕೊಂಡು ಟೇಬಲ್ ಅಂಚಿಗೆ ಬರುತ್ತದೆ.

ಆಮೇಲೆ ತೂರುವ ಕೆಲಸ. ನಾವು ಗಾಳಿ ಬಂದಾಗ ಮೆಟ್ಟು ಹತ್ತಿ ನಿಂತು ರಾಶಿ ತೂರ್ತಿದ್ದೆವು. ಕಾಳು ಕೆಳಗ, ಹೊಟ್ಟು ದೂರ. ಇಲ್ಲಿ ಟೇಬಲ್ಲಿನ ಸುತ್ತ ಇರುವ ಸಂದಿಯಿಂದ ಜೋರು ಗಾಳಿ ಮೇಲಕ್ಕೆ ಏಳುತ್ತದೆ. ಕಲ್ಲು ಹಸಿ ಇದ್ದರೆ ಬಿಸಿಗಾಳಿ ಬಿಡುತ್ತಾರೆ, ಅರೆಯುವುದೂ ಒಣಗಿಸುವುದೂ ಒಂದೇ ಡಬ್ಬಿಯಲ್ಲಿ. ಹಗುರ ಪುಡಿ ಗಾಳಿ ಜೊತೆ ಮೇಲೆ ಹೋಗುತ್ತದೆ, ಭಾರದ್ದು ವಾಪಸ್ ಬೀಳುತ್ತದೆ. ತುದಿಯಲ್ಲಿ ಸೆಪರೇಟರ್ ಅಂತ ತಿರುಗುವ ಪಟ್ಟಿಗಳ ಪಂಜರ ಇರುತ್ತದೆ. ಅದು ನಮ್ಮ ಸಾಣಿಗಿ ಇದ್ದಂಗ. ಜೋರು ತಿರುಗಿಸಿದರೆ ಸಣ್ಣ ಪುಡಿ ಮಾತ್ರ ದಾಟುತ್ತದೆ, ಉಳಿದದ್ದು ಮತ್ತೆ ಟೇಬಲ್ಲಿಗೆ. 200 ಮೆಶ್ ಬೇಕಾದರೆ ಹೆಚ್ಚುಕಡಿಮೆ 75 ಮೈಕ್ರಾನ್, 325 ಮೆಶ್ ಬೇಕಾದರೆ 45 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರಾನ್.

ದಾಟಿದ ಪುಡಿ ಬ್ಯಾಗ್ ಫಿಲ್ಟರಿಗೆ ಹೋಗುತ್ತದೆ. ನೂರಾರು ಬಟ್ಟೆ ಚೀಲ ಉದ್ದಕ್ಕೆ ಜೋತು ಬಿಟ್ಟ ದೊಡ್ಡ ಪೆಟ್ಟಿಗೆ ಅದು. ಗಾಳಿ ಬಟ್ಟೆ ದಾಟುತ್ತದೆ, ಪುಡಿ ಬಟ್ಟೆಗೆ ಹತ್ತಿ ನಿಲ್ಲುತ್ತದೆ. ಆಗಾಗ ಕಂಪ್ರೆಸರ್ ಗಾಳಿಯಿಂದ ಚೀಲ ಝಾಡಿಸಿದರೆ ಪುಡಿ ಕೆಳಗೆ ಬೀಳುತ್ತದೆ. ಈ ಎಲ್ಲಾದರ ಹಿಂದೆ ಒಂದು ದೊಡ್ಡ ಫ್ಯಾನು ಗಾಳಿಯನ್ನು ಎಳೆಯುತ್ತಿರುತ್ತದೆ. ಎಳೆಯೋದರಿಂದ ಮಿಲ್ಲಿನೊಳಗೆ ಗಾಳಿ ಒತ್ತಡ ಹೊರಗಿಗಿಂತ ಕಡಿಮೆ. ಮಿಲ್ಲಿಗೆ ಎಲ್ಲಾದರೂ ಸಣ್ಣ ತೂತು ಬಿದ್ದರೆ ಹೊರಗಿನ ಗಾಳಿ ಒಳಗ ಹೋಗತೈತಿ ಹೊರತು ಒಳಗಿನ ಪುಡಿ ಹೊರಗ ಬರೂದಿಲ್ಲ.

ಅಂದರೆ ಏಜೆಂಟ ಹೇಳಿದ್ದು ಇಷ್ಟರ ಮಟ್ಟಿಗೆ ಖರೆ. ಬಾಲ್ ಮಿಲ್ಲಿಗೆ ಹೋಲಿಸಿದರೆ ಕರೆಂಟು ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ, ಸದ್ದು ಕಡಿಮೆ, ಮಿಲ್ಲಿನ ಮೈಯಿಂದ ಧೂಳು ಬರೋದು ಕಡಿಮೆ. ಸಿಮೆಂಟ್ ಫ್ಯಾಕ್ಟರಿಯವರು ಇದನ್ನೇ ಹಾಕಿಕೊಂಡದ್ದು ಸುಮ್ಮನೆ ಅಲ್ಲ. ಯಂತ್ರಕ್ಕೆ ನಾನು ಬೈಯೋದಿಲ್ಲ. "ಯಂತ್ರ ಬಂತು, ಊರು ಹಾಳಾತು" ಅಂತ ಗುಡಿ ಮುಂದ ಕೂಗಾಡಿದ ನಮ್ಮ ಹುಡುಗರಿಗೂ ಅದನ್ನೇ ಹೇಳಿದೆ. ಯಂತ್ರದ ಮ್ಯಾಲ ಕಲ್ಲು ಒಗದರ ಏಜೆಂಟ ಗೆಲ್ಲತಾನ. ಯಾಕಂದರ ಯಂತ್ರದ ವಿಷಯದಾಗ ಅವನ ಮಾತು ಖರೆ ಐತಿ.

ಖೊಟ್ಟಿ ಇರೋದು ಬೇರೆ ಕಡೆ. ಅದನ್ನ ಸರಿಯಾಗಿ ತಿಳಕೊಳ್ರಿ.

ಮಿಲ್ಲಿನ ದೊಡ್ಡ ಬ್ಯಾಗ್ ಫಿಲ್ಟರ್ ಯಾಕ ಪುಡಿ ಹಿಡೀತೈತಿ? ನಮ್ಮ ಮ್ಯಾಲಿನ ಪ್ರೀತಿಗಲ್ಲ. ಅಲ್ಲಿ ಹಿಡಿದ ಪುಡಿಯೇ ಮಾರೋ ಮಾಲು. ಗಂಟೆಗೆ 10 ಟನ್ ಅರೆಯುವ ಮಿಲ್ಲಿನಲ್ಲಿ ನೂರಕ್ಕೆ ಒಂದು ಪಾಲು ಹೊರಗೆ ಹಾರಿದರೂ ಗಂಟೆಗೆ 100 ಕೆಜಿ, ಅಂದರೆ 50 ಕೆಜಿಯ ಎರಡು ಚೀಲ ಹೋದಂಗ. ಮಾಲೀಕ ಸುಮ್ಮನೆ ಬಿಡ್ತಾನೇನು? ಮರುದಿನವೇ ಹರಿದ ಬಟ್ಟೆ ಚೀಲ ಬದಲಿ ಮಾಡಿಸ್ತಾನ. ಆ ಫ್ಯಾನು ಬಂದ್ ಮಾಡಿದರೆ ಮಿಲ್ಲೇ ನಡೆಯೋದಿಲ್ಲ. ಹಾಗಾಗಿ ಅಲ್ಲಿ ಕಾವಲು ತಾನಾಗೇ ಇರುತ್ತದೆ.

ಆದರೆ ಕಲ್ಲು ಮಿಲ್ಲಿನೊಳಗ ಹೋಗುವ ಮೊದಲೂ ಒಂದು ದಾರಿ ಐತಿ, ಪುಡಿ ಹೊರಗ ಬಂದ ಮ್ಯಾಲೂ ಒಂದು ದಾರಿ ಐತಿ. ಟಿಪ್ಪರ್ ಕಲ್ಲು ಸುರಿಯುವ ಅಂಗಳ. ದೊಡ್ಡ ಕಲ್ಲು ಒಡೆಯುವ ಕ್ರಷರ್. ಹಾಪರ್. ಬೆಲ್ಟಿನಿಂದ ಬೆಲ್ಟಿಗೆ ಬೀಳುವ ಜಾಗ. ಪುಡಿ ಕೂಡಿಡುವ ಸೈಲೋ. ಚೀಲ ತುಂಬುವ ಬಾಯಿ. ಲಾರಿ ತುಂಬುವ ಜಾಗ. ಆಮೇಲೆ ರಸ್ತೆ. ಇಲ್ಲೆಲ್ಲಾ ಏಳುವ ಧೂಳು ಮಾರುವ ಮಾಲಲ್ಲ. ಹಿಡಿದರೆ ಲಾಭವಿಲ್ಲ, ಕರೆಂಟಿನ ಖರ್ಚು ಮಾತ್ರ. ಅದಕ್ಕೆಂದೇ ಸಣ್ಣ ಸಣ್ಣ ಡಸ್ಟ್ ಕಲೆಕ್ಟರ್ ಬೇರೆ ಇಡಬೇಕಾಗುತ್ತದೆ.

ಲೆಕ್ಕ ಹಾಕ್ರಿ. 10 ಎಚ್‌ಪಿ ಫ್ಯಾನು ಒಂದು ಗಂಟೆಗೆ ಸುಮಾರು ಏಳೂವರೆ ಯುನಿಟ್. ರಾತ್ರಿ 10 ತಾಸು ನಡೆದರೆ 75 ಯುನಿಟ್. ಯುನಿಟ್ಟಿಗೆ 8 ರೂಪಾಯಿ ಹಿಡಿದರೆ 600 ರೂಪಾಯಿ. ಅಂಥ ನಾಲ್ಕು ಫ್ಯಾನು ಇದ್ದರೆ ರಾತ್ರಿಗೆ 2400, ತಿಂಗಳಿಗೆ 72 ಸಾವಿರ. ಒಂದು ಸ್ವಿಚ್ ಒತ್ತಿದರೆ ಅಷ್ಟೂ ಉಳಿತಾಯ. ಮಿಲ್ ಮಾತ್ರ ತನ್ನ ಪಾಡಿಗೆ ತಾನು ನಡೀತಿರತೈತಿ, ಚೀಲ ತುಂಬುತಿರತಾವು. ನಾನು ದುಡಿದ ಕಡೆ ರಾತ್ರಿ ಪಾಳಿಯಲ್ಲಿ ಒಂಬತ್ತಾದ ಮೇಲೆ ಮೇಸ್ತ್ರಿ ಬಂದು "ಸಣ್ಣ ಫ್ಯಾನ್ ಬಂದ್ ಮಾಡಪಾ" ಅನ್ನುತ್ತಿದ್ದ. ಒತ್ತಿದ ಕೈ ನನ್ನದೇ. ಅದನ್ನ ಮುಚ್ಚಿಡೋದಿಲ್ಲ.

ಒಂದೇ ಸಾಲಿನಾಗ ಹೇಳಬೇಕಂದ್ರ: ಧೂಳು ದುಡ್ಡಾಗೋ ಕಡೆ ಅವರು ಹಿಡೀತಾರ, ಧೂಳು ಖರ್ಚಾಗೋ ಕಡೆ ನಮ್ಮ ಹೊಲಕ್ಕ ಬಿಡ್ತಾರ. ವರ್ಟಿಕಲ್ ಆಗಲಿ, ಬಾಲ್ ಮಿಲ್ ಆಗಲಿ, ಈ ಲೆಕ್ಕ ಬದಲಾಗೂದಿಲ್ಲ. ಆದ್ದರಿಂದ ನಾವು ಕೇಳಬೇಕಾದದ್ದು "ಯಾವ ಮಿಲ್ಲು?" ಅಂತಲ್ಲ. "ಅಂಗಳಕ್ಕ ಏನ್ ಮಾಡ್ತೀರಿ?" ಅಂತ.

ರಸ್ತೆ ಲೆಕ್ಕ ಇನ್ನೊಂದು. ಏಜೆಂಟನೇ ಹೇಳಿದ, ಗಂಟೆಗೆ 10 ಟನ್, ದಿನಕ್ಕೆ 20 ತಾಸು. ಅಂದರೆ 200 ಟನ್ ಕಲ್ಲು ಒಳಗೆ ಬರಬೇಕು, 200 ಟನ್ ಪುಡಿ ಹೊರಗೆ ಹೋಗಬೇಕು. ಒಂದು ಗಾಡಿಗೆ 20 ಟನ್ ಹಿಡಿದರೆ ಒಳಗೆ 10 ಖೇಪು, ಹೊರಗೆ 10 ಖೇಪು. ಖಾಲಿ ಓಡಾಟವೂ ಸೇರಿ ದಿನಕ್ಕೆ 40 ಸಲ ನಮ್ಮ ಹೊಲದ ದಾರಿ ಮೇಲೆ ಗಾಡಿ. ಆ ದಾರಿ ಚಕ್ಕಡಿ ದಾರಿ. ಮಕ್ಕಳು ಶಾಲೆಗೆ ಹೋಗುವುದೂ ಅದೇ ದಾರಿ. ಬಣ್ಣದ ಪುಸ್ತಕದಾಗ ಮಿಲ್ಲಿನ ಫೋಟೋ ಇತ್ತು, ದಾರಿ ಫೋಟೋ ಇರಲಿಲ್ಲ.

ಇನ್ನು ಏಜೆಂಟನ ಎರಡನೇ ಮಾತು. "ಪುಡಿ ಬಿದ್ದರ ಏನಾತು? ಡೋಲೊಮೈಟ್ ಅಂದ್ರ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ. ಹೊಲಕ್ಕ ಪುಕ್ಕಟ ಗೊಬ್ಬರ" ಅಂದ. ಈ ಮಾತಿಗೆ ತಲೆ ಅಲ್ಲಾಡಿಸಿದ ರೈತರನ್ನ ನೋಡಿ ನನಗ ಸಿಟ್ಟು ಬಂತು.

ಡೋಲೊಮೈಟ್ ಪುಡಿ ಭೂಮಿಗೆ ಬೇಕು, ಖರೆ. ಎಲ್ಲಿ? ಕೊಡಗು, ಚಿಕ್ಕಮಗಳೂರು, ಮಲೆನಾಡಿನಲ್ಲಿ. ಅಲ್ಲಿ ಮಳೆ ಹೆಚ್ಚು, ಮಳೆ ನೀರು ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣು ಹುಳಿ ಆಗಿರುತ್ತದೆ. ಕಾಫಿ, ಅಡಿಕೆ ಬೆಳೆಯುವವರು ಸುಣ್ಣ, ಡೋಲೊಮೈಟ್ ರೊಕ್ಕ ಕೊಟ್ಟು ತಂದು ಹಾಕುತ್ತಾರೆ. ನಮ್ಮದು ಎರಿ ಭೂಮಿ. ನೇಗಿಲು ಹೊಡೆದರೆ ಸುಣ್ಣದ ಹರಳು ಮೇಲೆ ಬರುತ್ತವೆ. ನನ್ನ ಹೊಲದ ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಪಿಎಚ್ 8.3 ಇದೆ. ನಿಮ್ಮ ಕಾರ್ಡೂ ತೆಗೆದು ನೋಡ್ರಿ, ಬಹಳ ಮಂದಿದು 8ರ ಮೇಲೇ ಇರ್ತೈತಿ. ಇಂಥ ಮಣ್ಣಿಗೆ ಇನ್ನಷ್ಟು ಸುಣ್ಣ ಬಿದ್ದರೆ ಆಗುವುದೇನು? ಇದ್ದ ಕಬ್ಬಿಣ, ಸತು ಬೇರಿಗೆ ಸಿಗದಂಗ ಆಗಿ ಎಳೆ ಎಲಿ ಬಿಳಿಚಿಕೊಳ್ಳುತ್ತವೆ. ಆಮೇಲೆ ಝಿಂಕ್ ಸಲ್ಫೇಟ್ ಚೀಲ ಹೊತ್ತು ತರೋರು ನಾವೇ. ಪುಕ್ಕಟ ಗೊಬ್ಬರ ಅಂತೆ. ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಿಗೆ ಕೂಡ್ರಿಸಿದಂಗ.

ಮಣ್ಣಿನ ಮಾತು ನಿಧಾನದ್ದು. ಎಲೆಯ ಮಾತು ತಕ್ಷಣದ್ದು. ನನ್ನ ಒಂದೆಕರೆ ಹೊಲ ಒಂದು ಹಳೇ ಪುಡಿ ಫ್ಯಾಕ್ಟರಿಯಿಂದ ಎರಡು ಫರ್ಲಾಂಗು ದೂರದಲ್ಲಿದೆ. ಮುಂಗಾರಿನಲ್ಲಿ ಗಾಳಿ ಪಡುವಲ ಕಡೆಯಿಂದ ಬರುತ್ತದೆ, ಮಳೆಯೂ ಎಲೆ ತೊಳೆಯುತ್ತದೆ, ಹೆಚ್ಚು ತ್ರಾಸಿಲ್ಲ. ಹಿಂಗಾರಿಯಲ್ಲಿ ಮೂಡಗಾಳಿ. ಮಳೆ ಇಲ್ಲ, ಇಬ್ಬನಿ ಮಾತ್ರ. ಎಲೆ ಮೇಲೆ ಬಿದ್ದ ಪುಡಿ ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ, ಗಿಲಾಯಿ ಮಾಡಿದಂಗ ಹತ್ತಿಕೊಳ್ಳುತ್ತದೆ. ಎಲೆ ಉಸಿರಾಡುವ ರಂಧ್ರ ಮುಚ್ಚುತ್ತದೆ, ಬಿಸಿಲು ಎಲೆಗೆ ಮುಟ್ಟುವುದಿಲ್ಲ.

ಕಡ್ಲಿ ಹೊಲಕ್ಕೆ ನಸುಕಿನಲ್ಲಿ ತೆಳು ಬಟ್ಟೆ ಹಾಸಿ ಹುಳಿ ಹಿಂಡುತ್ತಿದ್ದ ನೆನಪು ನಿಮ್ಮಲ್ಲಿ ಹಿರಿಯರಿಗೆ ಇದ್ದೇ ಇರುತ್ತದೆ. ಹೊಟ್ಟೆನೋವಿಗೆ ಆ ಕಡ್ಲಿ ಹುಳಿಯೇ ಔಷಧಿ. ನಮ್ಮವ್ವ ಪ್ರತಿ ವರ್ಷ ಒಂದು ಬಾಟಲಿ ತುಂಬಿಡುತ್ತಿದ್ದಳು. ಫ್ಯಾಕ್ಟರಿ ನಡೆಯಲು ಹತ್ತಿದ ಎರಡನೇ ವರ್ಷ ಬಟ್ಟೆ ಹಿಂಡಿದರೆ ಬಂದದ್ದು ಅಂಬಲಿಯಂಥ ಬೆಳ್ಳನೆ ನೀರು. ನಾಲಿಗೆಗೆ ಹಚ್ಚಿದರೆ ಹುಳಿಯೇ ಇಲ್ಲ. ಸುಣ್ಣ ಹುಳಿಯನ್ನು ಸಾಯಿಸುತ್ತದೆ, ಇದಕ್ಕೆ ಯಾವ ಲ್ಯಾಬೂ ಬೇಕಿಲ್ಲ. ಕಡ್ಲಿಗೆ ಆ ಹುಳಿ ಸುಮ್ಮನೆ ಬಂದದ್ದಲ್ಲ, ಕಾಯಿಕೊರಕ ಹುಳದಿಂದ ತನ್ನನ್ನು ಕಾಯ್ದುಕೊಳ್ಳಲು ಗಿಡ ಇಟ್ಟುಕೊಂಡದ್ದು. ಆ ಬದಿಯ ಹತ್ತು ಸಾಲಿನಲ್ಲಿ ಹುಳ ಯಾವಾಗಲೂ ಜಾಸ್ತಿ ನೋಡಿದ್ದೇನೆ. ಅವ್ವ ಆಮೇಲೆ ಬಟ್ಟೆ ಹಾಸುವುದು ಬಿಟ್ಟಳು.

ಜ್ವಾಳದ ಕಣಕಿ ಕಥಿ ಎಮ್ಮೆ ಹೇಳ್ತಾವು. ಪುಡಿ ಕುಂತ ಕಣಕಿ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತವೆ. ಝಾಡಿಸಿ ಹಾಕಬೇಕು. ಝಾಡಿಸುವವಳು ನನ್ನ ಹೆಂಡತಿ, ಕೆಮ್ಮುವವಳೂ ಅವಳೇ.

ಕೆಮ್ಮಿನ ಮಾತು ಬಂತು. ಇದನ್ನ ಎಲ್ಲಾರೂ, ಅದರಲ್ಲೂ ಮನೆಯಲ್ಲಿ ವಯಸ್ಸಿನ ಹುಡುಗರು ಇರೋರು, ಲಕ್ಷ್ಯಗೊಟ್ಟು ಓದ್ರಿ.

ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದ 10 ಮೈಕ್ರಾನ್‌ಗಿಂತ ಸಣ್ಣದ್ದು ಎದೆಗೆ ಇಳಿಯುತ್ತದೆ. ಅದಕ್ಕೇ ಸರ್ಕಾರ 2009ರಲ್ಲಿ ಅದಕ್ಕೊಂದು ಮಿತಿ ಹಾಕಿದೆ: ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ ದಾಟಬಾರದು. ಡೋಲೊಮೈಟ್, ಸುಣ್ಣದಕಲ್ಲಿನ ಪುಡಿ ಕುಡಿದರೆ ಕೆಮ್ಮು, ದಮ್ಮು. ಆದರೆ ಬೆಣಚುಕಲ್ಲಿನ ಪುಡಿ ಬೇರೆ. ಅದರಲ್ಲಿ ಸಿಲಿಕಾ. ಎದೆಯೊಳಗೆ ಹೋಗಿ ಪುಪ್ಪುಸವನ್ನು ಗಂಟುಗಂಟು ಮಾಡುತ್ತದೆ. ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಬಂದರೆ ವಾಸಿ ಮಾಡುವ ಔಷಧಿ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು.

ಗುಜರಾತಿನ ಗೋಧ್ರಾ ಕಡೆ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಿವೆ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆಯ ಆದಿವಾಸಿಗಳು ಅಲ್ಲಿಗೆ ದುಡಿಯಲು ಹೋದರು. ನಮ್ಮಂಥ ಒಣಬೇಸಾಯದ ಮಂದಿ. ಊರಿಗೆ ಮರಳಿ ಬಂದು ಒಬ್ಬೊಬ್ಬರೇ ಸತ್ತರು. 238 ಸಾವಿಗೆ ತಲಾ 3 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು ಗುಜರಾತ್ ಸರ್ಕಾರಕ್ಕೆ ಹೇಳಿದ್ದು 2016ರಲ್ಲಿ. ಸತ್ತವರಲ್ಲಿ ಬಹಳ ಮಂದಿ ಆ ಹೊತ್ತಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು.

ನಮ್ಮ ಕಡೆ ಡೋಲೊಮೈಟ್ ಅಲ್ಲವೇ, ಬೆಣಚುಕಲ್ಲಿನ ಮಾತು ಯಾಕ ಅಂತೀರಾ? ಹೇಳ್ತೀನಿ. ನಾನು ದುಡಿದ ಕಡೆ ಬೋರ್ಡಿನ ಮೇಲೆ ಇದ್ದದ್ದು ಡೋಲೊಮೈಟ್. ಡೋಲೊಮೈಟ್ ಆರ್ಡರ್ ಇಲ್ಲದ ತಿಂಗಳು ಬೆಣಚುಕಲ್ಲಿನ ಟಿಪ್ಪರ್ ಬರುತ್ತಿತ್ತು. ಅದೇ ಮಿಲ್ಲು, ಅದೇ ಚೀಲ, ಅದೇ ನಾವು. ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ತುಂಬಿದೆವು. ನನ್ನ ಜೋಡಿ ಚೀಲ ಹೊಲಿಯುತ್ತಿದ್ದವನು ಒಂಬತ್ತು ವರ್ಷ ಅಲ್ಲೇ ಉಳಿದ. ನಾನು ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಹೊಲಕ್ಕೆ ಬಂದೆ, ಅಷ್ಟೇ ನನ್ನ ಪುಣ್ಯ. ಅವನಿಗೆ ಟಿಬಿ ಅಂತ ಎರಡು ಸಲ ಕೋರ್ಸು ಕೊಟ್ಟರು. ಕಡಿಮೆ ಆಗಲಿಲ್ಲ. ನಲವತ್ತೆರಡಕ್ಕೆ ಹೋದ. ಕಡೆಗೆ ಎರಡು ಮೆಟ್ಟಿಲು ಹತ್ತಿದರೆ ಕುಂತುಬಿಡುತ್ತಿದ್ದ. ಎಲ್ಲಿ ಏನು ದುಡಿದೆ ಅಂತ ಯಾವ ಕಾಗದದಲ್ಲೂ ಅವನ ಹೆಸರಿರಲಿಲ್ಲ. ಅದಕ್ಕೇ ಪರಿಹಾರದ ಮಾತೇ ಏಳಲಿಲ್ಲ.

ಮಿಲ್ಲಿಗೆ ಕಲ್ಲಿನ ಜಾತಿ ಗೊತ್ತಿಲ್ರಿ. ಹಾಕಿದ್ದನ್ನ ಅರೀತೈತಿ. ಕಲ್ಲಿನ ಹೆಸರು ಕಾಗದದ ಮ್ಯಾಲ ಬರಸೋದು ನಮ್ಮ ಕೆಲಸ.

ಈಗ ಊರಿನವರೇ ನನಗೆ ಕೇಳಿದ ಪ್ರಶ್ನೆಗಳಿಗೆ ಬರ್ತೀನಿ.

"ಹುಡುಗರಿಗೆ ನೌಕರಿ ಸಿಗ್ತಾವಲ್ಲೋ ಅಣ್ಣಾ." ಸಿಗ್ತಾವು. ಯಾವ ನೌಕರಿ? ವರ್ಟಿಕಲ್ ಮಿಲ್ಲನ್ನು ಗಾಜಿನ ಕೋಣೆಯಲ್ಲಿ ಕುಂತು ಕಂಪ್ಯೂಟರಿನಲ್ಲಿ ನಡೆಸುತ್ತಾರೆ. ಪಾಳಿಗೆ ಒಬ್ಬಿಬ್ಬರು ಸಾಕು, ಅವರು ಹೊರಗಿನಿಂದ ಕಲಿತು ಬಂದವರು. ನಮ್ಮ ಹುಡುಗರಿಗೆ ಉಳಿಯುವುದು ಚೀಲ ತುಂಬುವುದು, ಹಮಾಲಿ, ಅಂಗಳ ಗುಡಿಸುವುದು. ಅಂದರೆ ಎಲ್ಲಿ ಧೂಳು ಹೆಚ್ಚೋ ಅಲ್ಲಿ. ಎಸಿ ಕೋಣಿ ಅವರಿಗೆ, ಅಂಗಳ ನಮಗೆ. ನೌಕರಿ ಬ್ಯಾಡ ಅನ್ನೂದಿಲ್ಲ. ಪಿಎಫ್, ಇಎಸ್‌ಐ, ವರ್ಷಕ್ಕೊಮ್ಮೆ ಎದೆಯ ಎಕ್ಸರೇ ಇರುವ ನೌಕರಿ ಕೇಳ್ರಿ. ಗುತ್ತಿಗೆದಾರನ ಕೈಯಾಗಿನ ದಿನಗೂಲಿ ನೌಕರಿ ಅಲ್ಲ, ಅದು ನನ್ನ ಗೆಳೆಯನ ನೌಕರಿ.

"ಮನಿಗೆ ಪುಟ್ಟಿ ಬೇಕು, ಪೇಂಟ್ ಬೇಕು, ಎಮ್ಮಿಗೆ ಕ್ಯಾಲ್ಸಿಯಂ ಪುಡಿ ಬೇಕು. ಪುಡಿ ಫ್ಯಾಕ್ಟರಿ ಮಾತ್ರ ಬ್ಯಾಡೇನು?" ಈ ಪ್ರಶ್ನೆ ನ್ಯಾಯದ್ದು. ನನ್ನ ಮನೆಗೂ ಪುಟ್ಟಿ ಹಚ್ಚಿದೆ. ಫ್ಯಾಕ್ಟರಿ ಬೇಡವೇ ಬೇಡ ಅಂತ ನಾನು ಎಲ್ಲಿ ಹೇಳಿದೆ? ಪುಡಿಯ ಖರ್ಚು ಪುಡಿ ಕೊಳ್ಳುವವರು ಕೊಡಲಿ. ಫ್ಯಾನಿನ 72 ಸಾವಿರ ಪೇಂಟಿನ ಡಬ್ಬಿಯ ರೇಟಿನಲ್ಲಿ ಸೇರಲಿ. ಈಗ ಅದು ನನ್ನ ಕಡ್ಲಿಯಲ್ಲಿ, ನನ್ನ ಹೆಂಡತಿಯ ಕೆಮ್ಮಿನಲ್ಲಿ ಸೇರಿದೆ. ನನ್ನ ತಕರಾರು ಅಷ್ಟೇ.

"ನಮ್ಮ ಹೊಲ ನಾವು ಮಾರ್ತೀವಿ, ನಿಂದೇನು?" ಆ ಆರು ಎಕರೆಯವರಲ್ಲಿ ಒಬ್ಬರು ಹೀಗೆ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮದುವೆ ಸಾಲ, ಬೋರ್‌ವೆಲ್ ಎರಡು ಸಲ ಫೇಲು. ಮಾರಲಿ, ಒಳ್ಳೇ ರೇಟಿಗೇ ಮಾರಲಿ. ಹೊಲ ಅವರದು, ಆದರೆ ಗಾಳಿ ಎಲ್ಲರದು. ಭೂಮಿ ಮಾರೋ ಕಾಗದ ಬೇರೆ, ಊರು ತಕರಾರಿಲ್ಲ ಅನ್ನೋ ಕಾಗದ ಬೇರೆ. ಎರಡನ್ನೂ ಒಂದೇ ಮಾಡಬ್ಯಾಡ್ರಿ.

ಹಾಗಾದರೆ ಏನು ಮಾಡೋಣ? ಇಂಥ ಫ್ಯಾಕ್ಟರಿಗೆ ಕಾನೂನಿನಲ್ಲಿ ಮೆಟ್ಟಿಲುಗಳಿವೆ. ಕೃಷಿ ಭೂಮಿಯನ್ನು ಎನ್‌ಎ ಮಾಡಿಸಬೇಕು. 1981ರ ವಾಯು ಕಾಯ್ದೆ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮೊದಲು ಒಂದು ಸಮ್ಮತಿ, ನಡೆಸುವ ಮೊದಲು ಇನ್ನೊಂದು ಸಮ್ಮತಿ ತಗೋಬೇಕು. ಆ ಸಮ್ಮತಿ ಪತ್ರದಲ್ಲಿ ಏನು ತಯಾರು ಮಾಡ್ತಾರೆ, ಎಷ್ಟು, ಧೂಳಿಗೆ ಏನು ವ್ಯವಸ್ಥೆ ಅಂತ ಷರತ್ತು ಬರೆದಿರುತ್ತಾರೆ. ಷರತ್ತು ಮುರಿದರೆ ಕೇಳುವ ಹಕ್ಕು ಇದೆ. ಆದರೆ ಮೊದಲೇ "ತಕರಾರಿಲ್ಲ" ಅಂತ ಸಹಿ ಮಾಡಿದವರು ಆಮೇಲೆ ಯಾವ ಬಾಯಿಂದ ಕೇಳತಾರ?

ಗ್ರಾಮಸಭೆಯಲ್ಲಿ ಇಡಬೇಕು ಅಂತ ನಾನು ಬರೆದುಕೊಂಡ ಷರತ್ತುಗಳು ಇವು. ನೀವೂ ಸೇರಿಸ್ರಿ.

1. ಯಾವ ಕಲ್ಲು ಅರೀತಾರೋ ಅದರ ಹೆಸರು ಕಾಗದದ ಮೇಲೆ ಬರಬೇಕು. ಬೆಣಚುಕಲ್ಲು ಅರೆಯುವಂತಿಲ್ಲ.

2. ಕ್ರಷರ್, ಹಾಪರ್, ಬೆಲ್ಟು ಎಲ್ಲಾ ಮುಚ್ಚಿದ ಶೆಡ್ಡಿನೊಳಗೆ ಇರಬೇಕು. ಕಲ್ಲು ಸುರಿಯುವ ಕಡೆ ನೀರು ಸಿಂಪಡಿಸಬೇಕು. ಆ ನೀರು ಎಲ್ಲಿಂದ ಅಂತಲೂ ಬರೆಯಬೇಕು, ನಮ್ಮ ಹಳ್ಳದ ಪಕ್ಕ ಹೊಸ ಬೋರು ಹೊಡೆಯುವಂತಿಲ್ಲ.

3. ಕ್ರಷರ್, ಬೆಲ್ಟು, ಚೀಲ ತುಂಬುವ ಜಾಗದ ಡಸ್ಟ್ ಕಲೆಕ್ಟರ್‌ಗಳು ನಡೆಯದೇ ಇದ್ದರೆ ಮಿಲ್ಲೂ ನಡೆಯಬಾರದು. ಇದಕ್ಕೆ ಇಂಟರ್‌ಲಾಕ್ ಅನ್ನುತ್ತಾರೆ, ಎಲೆಕ್ಟ್ರಿಷಿಯನ್ನಿಗೆ ದೊಡ್ಡ ಕೆಲಸ ಅಲ್ಲ. ಮೇಸ್ತ್ರಿ ರಾತ್ರಿ ಸ್ವಿಚ್ ಒತ್ತಿದರೆ ಇಡೀ ಫ್ಯಾಕ್ಟರಿಯೇ ನಿಲ್ಲಬೇಕು. ಎಲ್ಲಾ ಷರತ್ತಿನಲ್ಲಿ ದೊಡ್ಡದು ಇದೇ.

4. ಆ ಫ್ಯಾನುಗಳಿಗೆ ಬೇರೆ ಕರೆಂಟ್ ಮೀಟರ್ ಇರಬೇಕು. ರೀಡಿಂಗ್ ತಿಂಗಳಿಗೊಮ್ಮೆ ಪಂಚಾಯ್ತಿ ಬೋರ್ಡಿಗೆ ಹಚ್ಚಬೇಕು. ಮೀಟರ್ ಓದೋಕೆ ಇಂಜಿನಿಯರ್ ಬೇಕಾಗಿಲ್ಲ, ನಾವೆಲ್ಲಾ ಓದ್ತೀವಿ.

5. ಅಂಗಳ ಮತ್ತು ಡಾಂಬರು ರಸ್ತೆಯ ತನಕದ ದಾರಿ ಕಾಂಕ್ರೀಟ್ ಆಗಬೇಕು. ಗಾಡಿಗೆ ತಾಡಪತ್ರಿ ಕಡ್ಡಾಯ. ಶಾಲೆ ಬಿಡುವ, ಕೂಡುವ ಹೊತ್ತಿಗೆ ಗಾಡಿ ಬಂದ್.

6. ಮೂಡಗಾಳಿ ಕಾಲದಲ್ಲಿ, ಹಿಂಗಾರಿ ಬಿತ್ತನೆಯಿಂದ ರಾಶಿ ತನಕ, ತಿಂಗಳಿಗೊಮ್ಮೆ ಊರ ಬದಿಯಲ್ಲಿ ಗಾಳಿ ಪರೀಕ್ಷೆ. ವರದಿ ಕನ್ನಡದಲ್ಲಿ ಕೊಡಬೇಕು.

7. ದುಡಿಯುವ ಪ್ರತಿಯೊಬ್ಬನ ಹೆಸರು ರಿಜಿಸ್ಟರಿನಲ್ಲಿ. ಸೇರುವಾಗ ಒಂದು ಎಕ್ಸರೇ, ಆಮೇಲೆ ವರ್ಷಕ್ಕೊಂದು. ಎಕ್ಸರೇ ಪ್ರತಿ ದುಡಿಯುವವನ ಕೈಯಲ್ಲೇ ಇರಬೇಕು.

ಏಜೆಂಟನಿಗೆ ಫೋನ್ ಮಾಡಿ ಮೂರನೇ ಷರತ್ತು ಕೇಳಿದೆ. "ಅದೆಲ್ಲಾ ಇದ್ದೇ ಇರ್ತೈತಿ ಕಾಕಾ" ಅಂದ. "ಇದ್ದೇ ಇರ್ತೈತಿ ಅಂದ್ರ ಬರದುಕೊಡೋಕ ಏನು ಕಷ್ಟ ತಮ್ಮಾ?" ಅಂದೆ. ಮಾಲೀಕರಿಗೆ ಕೇಳಿ ಹೇಳ್ತೀನಿ ಅಂದ. ಇವತ್ತಿಗೆ ಆರು ದಿನ ಆತು.

ಅವರು ಬರೆದುಕೊಟ್ಟರೆ, ಮೊದಲು ಸಹಿ ಮಾಡುವವನು ನಾನೇ. ಬರೆದುಕೊಡದಿದ್ದರೆ ಆ ಝೀರೋ ಡಸ್ಟ್ ಅನ್ನೋದು ಬಣ್ಣದ ಪುಸ್ತಕದಾಗ ಮಾತ್ರ ಐತಿ ಅಂತ ತಿಳಕೊಳ್ರಿ.

ಈಗಲೇ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸ್ತೀನಿ. ಒಂದು, ಫ್ಯಾಕ್ಟರಿ ಬರುವ ಮೊದಲೇ ನಿಮ್ಮ ಹೊಲದ ಮಣ್ಣು ಪರೀಕ್ಷೆ ಮಾಡಿಸಿ ಕಾರ್ಡ್ ಇಟ್ಟುಕೊಳ್ರಿ. ನಾಳೆ "ಮೊದಲೇ ಹಿಂಗ ಇತ್ತು" ಅನ್ನಬಾರದು. ಎರಡು, ಹೊಲದ, ಬೆಳೆಯ ಫೋಟೋ ತಾರೀಖು ಸಮೇತ ತೆಗೆದಿಡ್ರಿ. ಮೂರು, ಕಾಕಾನ ಕರೇ ಕಂಬಳಿ ಮಾತು ಚ್ಯಾಷ್ಟಿ ಅಂತ ಬಿಡಬ್ಯಾಡ್ರಿ. ಹಳೇ ಫ್ಯಾಕ್ಟರಿ ಬದಿ ಹೊಲದ ಮಾಳಿಗೆ ಮೇಲೆ ಮೊನ್ನೆ ರಾತ್ರಿ ಒಂದು ಕರೇ ಕಂಬಳಿ ಹಾಸಿ ಬಂದೆ. ಬೆಳಿಗ್ಗೆ ಬೆರಳಿನಿಂದ ಅದರ ಮೇಲೆ ನನ್ನ ಹೆಸರು ಬರೆದೆ, ಫೋಟೋ ಕೆಳಗ ಹಾಕೀನಿ. ಓದೋಕ ಬರತೈತಿ ನೋಡ್ರಿ.

ಗ್ರಾಮಸಭೆ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಉತಾರ, ಮಣ್ಣಿನ ಕಾರ್ಡು ತಗೊಂಡು ಬರ್ರಿ. ಮನಿ ಹೆಣ್ಣುಮಕ್ಕಳನ್ನೂ ಕರಕೊಂಡು ಬರ್ರಿ, ಕಣಕಿ ಝಾಡಿಸೋರು ಅವರು. ಸಹಿ ಮಾಡಿದ ಏಳೆಂಟು ಮಂದಿಯೂ ಬರ್ರಿ. ಓದದೇ ಸಹಿ ಮಾಡಿದ್ದೆವು ಅಂತ ಸಭೆಯಲ್ಲಿ ಹೇಳಿ, ಆ ಮಾತನ್ನು ಪಿಡಿಒ ಅವರ ಠರಾವು ಪುಸ್ತಕದಾಗ ಬರಸೋಣ. ಅದರಾಗ ನಾಚಿಕಿ ಪಡೋದೇನಿಲ್ಲ. ಒಂದು ಕಾಲಕ್ಕ ಫ್ಯಾನಿನ ಸ್ವಿಚ್ ಬಂದ್ ಮಾಡಿದವನು ನಾನೂ ಅಲ್ಲೇ ಇರ್ತೀನಿ.